ಕಟ್ಟು ಚೆಲ್ಲಿದ ಪ್ರಬಂಧ

ಶಶಿಕಿರಣ್ ಮೇಷ್ಟ್ರು ಮೊದಲ ಸಲ ಅನಸೂಯಮ್ಮನ ಮೆಸ್ಸಿಗೆ ಊಟಕ್ಕೆ ಬಂದದ್ದು ಒಂದು ಸೋಮವಾರ. ಹೊಳೆನರಸೀಪುರದ ಖಾಸಗಿ ಕಾಲೇಜಿಗೆ ಇಂಗ್ಲಿಷ್ ಪಾಠಕ್ಕೆಂದು ಆ ವರ್ಷ ಸೇರಿಕೊಂಡಿದ್ದ ಅತಿಥಿ ಉಪನ್ಯಾಸಕರು. ದಿನಾ ಹಾಸನದಿಂದ ಬಸ್ಸಲ್ಲಿ ಬರುವವರು. ಎರಡನೇ ಮುದ್ದೆ ಮುರಿಯುತ್ತಾ ಕೇಳಿದರು.

“ಅಮ್ಮಾ, ನಿಮ್ಮ ಮೆಸ್ಸು ಆನ್‌ಲೈನ್‌ನಲ್ಲಿದೆಯಾ?”

“ಇಲ್ಲೇ ಐತಲ್ಲ ಮೇಷ್ಟ್ರೇ, ಕೂತಿದ್ದೀರಲ್ಲ.”

ಮೇಷ್ಟ್ರು ನಗಲಿಲ್ಲ. ಆನ್‌ಲೈನ್‌ಗೆ ಬಾರದ್ದು ಇದ್ದರೂ ಇಲ್ಲದ ಹಾಗೆ ಎಂಬುದು ಅವರ ಸಿದ್ಧಾಂತ. ಕನ್ನಡದಲ್ಲೇ ಬೆಳೆದ ಮಕ್ಕಳಿಗೆ ಇಂಗ್ಲಿಷ್ ಪ್ರಬಂಧ ಕೈಹತ್ತಬೇಕಾದರೆ, ಮೇಷ್ಟ್ರೊಬ್ಬರೇ ಓದಿ ಕೆಂಪು ಗೀಟು ಎಳೆದರೆ ಸಾಲದು, ಊರೆಲ್ಲ ಓದಬೇಕು. ಹಾಗಂತ ಒಂದು ಜಾಲತಾಣ ಮಾಡಿ ನಲವತ್ತು ಮಕ್ಕಳ ನಲವತ್ತು ಪ್ರಬಂಧ ಏರಿಸಿದರು. ಒಬ್ಬರದ್ದನ್ನು ಇನ್ನೊಬ್ಬರು ಓದಿ ಕೆಳಗೆ ಅಭಿಪ್ರಾಯ ಬರೆಯಬೇಕು ಅಂದರು. ಪ್ರಿನ್ಸಿಪಾಲರು ತಮ್ಮದೂ ಒಂದು ಮಾತು ಸೇರಿಸಿದರು: ಮಾರ್ಚಿನಲ್ಲಿ ಬರುವ ತಪಾಸಣೆ ಸಮಿತಿ ಮೆಚ್ಚಿಕೊಂಡರೆ ಮೇಷ್ಟ್ರಿಗೆ ಮುಂದಿನ ವರ್ಷವೂ ಕೆಲಸ; ಇಲ್ಲವಾದರೆ ಬಸ್ ಚಾರ್ಜು ಉಳಿತಾಯ.

ಮಕ್ಕಳು ಇದನ್ನು ಮದುವೆಮನೆಯ ಮುಯ್ಯಿ ಎಂದೇ ತಿಳಿದರು. ನೀನು ನನಗೆ ‘ಸೂಪರ್’ ಹಾಕಿದರೆ ನಾನು ನಿನಗೆ ‘ಸೂಪರ್’. ನೀನು ಕೈಮುಗಿಯುವ ಚಿತ್ರ ಸೇರಿಸಿದ್ದರೆ ನಾನೂ ಒಂದು ಸೇರಿಸುತ್ತೇನೆ. ಅರಕಲಗೂಡಿನ ಹುಡುಗನೊಬ್ಬ ಎಲ್ಲರಿಂದ ಹಾಕಿಸಿಕೊಂಡು ತಾನು ಸುಮ್ಮನಿದ್ದುಬಿಟ್ಟ. ಮೂರು ದಿನ ಅವನನ್ನು ಯಾರೂ ಮಾತಾಡಿಸಲಿಲ್ಲ; ನಾಲ್ಕನೇ ದಿನ ಅವನೂ ಎಲ್ಲರಿಗೂ ಹಾಕಿದ. ಓದುವ ಗೋಜಿಗೆ ಯಾರೂ ಹೋಗಲಿಲ್ಲ. ಮುಯ್ಯಿ ಹಾಕಲು ಹೋದವರು ಗಂಡಿನ ಜಾತಕ ಕೇಳುತ್ತಾರೆಯೇ?

ಬಾಗೂರಿನ ಶೋಭಿತಾ ಮೆಸ್ಸಿನಲ್ಲೇ ಉಣ್ಣುವ ಹುಡುಗಿ. ಅನಸೂಯಮ್ಮನ ಹುರುಳಿಕಾಳು ಬಸ್ಸಾರಿನ ಮೇಲೆ ಬರೆದಿದ್ದಳು. ಮೂವತ್ತೊಂಬತ್ತು ಸೂಪರ್ ಬಿದ್ದಿದ್ದವು. ಪಾತ್ರೆ ತೊಳೆದಾದ ಮೇಲೆ ಒಂದೊಂದೇ ಸಾಲನ್ನು ಕನ್ನಡ ಮಾಡಿ ಅನಸೂಯಮ್ಮಜ್ಜಿಗೆ ಓದಿ ಹೇಳಿದಳು. ಕಾಳು ಬೆಂದ ಮೇಲೆ ನೀರು ಬಸಿದು ಚೆಲ್ಲಬೇಕು ಅನ್ನುವಲ್ಲಿ ಅನಸೂಯಮ್ಮ ಕೈ ಎತ್ತಿದಳು.

“ಕಟ್ಟು ಚೆಲ್ಬುಟ್ರೆ ಸಾರು ಯಾತ್ರಲ್ಲಿ ಮಾಡೀಯವ್ವ?”

“ಇಂಟರ್ನೆಟ್ಟಲ್ಲಿ ಅಂಗೇ ಇತ್ತಜ್ಜಿ.”

“ಅವ್ರು ಉಂಡವ್ರಾ, ಬರ್ದವ್ರಾ?”

“ಮೂವತ್ತೊಂಬತ್ತು ಜನ ಓದವ್ರೆ, ಒಬ್ರೂ ಏನೂ ಅಂದಿಲ್ಲ.”

“ಓದಿದ್ರೆ ಅಂತಿದ್ರು ಕಣವ್ವ.”

ಗಂಡ ತೀರಿಕೊಂಡ ಮೇಲೆ ವಯಸ್ಕರ ಶಾಲೆಯಲ್ಲಿ ಕಲಿತ ಅಕ್ಷರ ಅನಸೂಯಮ್ಮನದು. ಹುಡುಗಿಯ ಫೋನು ಇಸಕೊಂಡು, ಒಂದೊಂದೇ ಅಕ್ಷರ ಹುಡುಕಿ ಒತ್ತಿ, ಸಂಜೆ ಹಾಲು ಬರುವ ಹೊತ್ತಿಗೆ ಮುಗಿಸಿದಳು: ‘ಕಟ್ಟು ಚೆಲ್ಲಬಾರದು. ಸಾರು ಅದರದ್ದೇ. ಕಾಳು ಎಂಟು ಗಂಟೆ ನೆನೆಯಬೇಕು, ನೀನು ಎರಡು ಅಂದಿದೀಯ. ಮಿಕ್ಕಿದ್ದು ಸರಿ. ಅನಸೂಯಮ್ಮ.’

ಕಾಲೇಜಿನಲ್ಲಿ ಗುಲ್ಲೆದ್ದಿತು. ಮುಯ್ಯಿ ಹಾಕುವ ಜಾಗದಲ್ಲಿ ನಿಂತು ಪಾಯಸ ಸೀದಿದೆ ಅಂದಂತಾಗಿತ್ತು. ಶೋಭಿತಾ ಮಾತ್ರ ತಿದ್ದಿ ಮತ್ತೆ ಏರಿಸಿದಳು. ಅಜ್ಜಿ ಮತ್ತೊಂದು ತಪ್ಪು ಹಿಡಿದಳು. ಹೀಗೇ ಮೂರು ಸಲ ನಡೆಯಿತು.

ಸಮಿತಿ ಬಂದು ಹೋದ ಮಾರನೇ ದಿನ ಮೇಷ್ಟ್ರು ಮುದ್ದೆ ಮುಟ್ಟದೆ ನಡೆದದ್ದು ಹೇಳಿದರು. ಅಧ್ಯಕ್ಷರು ಸೂಪರ್‌ಗಳನ್ನೆಲ್ಲ ದಾಟಿ ಬಂದು ಬಸ್ಸಾರಿನ ಹತ್ತಿರ ನಿಂತರಂತೆ. “ಈ ವಿಮರ್ಶಕರು ಯಾವ ವಿಶ್ವವಿದ್ಯಾಲಯದವರು?” ಅಂದರಂತೆ. “ನಮ್ಮ ತಾಲೂಕಿನವರೇ ಸರ್, ಹಿರಿಯರು,” ಅಂದರಂತೆ ಪ್ರಿನ್ಸಿಪಾಲರು. ಈಗ ಸಮಿತಿಯ ಷರತ್ತು: ಹತ್ತು ದಿನದೊಳಗೆ ಉಳಿದ ಮೂವತ್ತೊಂಬತ್ತಕ್ಕೂ ಇಂಥದೇ ವಿಮರ್ಶೆ ಬಿದ್ದಿರಬೇಕು. ಬಿದ್ದರೆ ಮೇಷ್ಟ್ರ ಕೆಲಸ ಉಳಿಯಿತು.

“ಓದಿ ಮೇಷ್ಟ್ರೇ, ಗೊತ್ತಿದ್ರೆ ಏಳ್ತೀನಿ,” ಅಂದಳು ಅನಸೂಯಮ್ಮ.

ಒಂಬತ್ತು ಮಧ್ಯಾಹ್ನ ಮೇಷ್ಟ್ರು ಓದಿದರು. ಕೋಳಿ ಸಾಕಣೆ, ಆಲೂಗಡ್ಡೆ ಬಿತ್ತನೆ, ರಾಮನಾಥಪುರದ ಹೊಗೆಸೊಪ್ಪು ಹೀಗೆ ಆರನ್ನು ಅವಳು ಸಾಲು ಸಾಲಾಗಿ ತಿದ್ದಿಸಿದಳು. ಷೇರುಪೇಟೆ, ಬಾಹ್ಯಾಕಾಶ ಬಂದರೆ, “ನಂಗೊತ್ತಿಲ್ಲ, ಮುಂದ್ಕೋಗಿ.”

“ಏನಾದ್ರೂ ಒಂದ್ಮಾತು ಹೇಳಿ ಅಮ್ಮಾ.”

“ಗೊತ್ತಿಲ್ದಿದ್ರಲ್ಲಿ ಏನ್ ತಪ್ಪು ಇಡೀಲಿ?”

ಹತ್ತನೇ ದಿನ ಮೇಷ್ಟ್ರು ಊಟ ಮುಗಿಸಿ, ಕೈ ತೊಳೆದು, ಬೆಂಚಿನ ಮೇಲಿದ್ದ ಮಕ್ಕಳೆಲ್ಲ ಎದ್ದು ಹೋಗುವ ತನಕ ಕಾದರು. ಆಮೇಲೆ ದನಿ ತಗ್ಗಿಸಿ ಕೇಳಿದರು.

“ಅಮ್ಮಾ, ಮಿಕ್ಕ ಮೂವತ್ತಮೂರಕ್ಕೆ ನಿಮ್ಮ ಹೆಸರಲ್ಲಿ ನಾನೇ ಬರ್ಕೊಂಡ್ಬಿಡ್ಲಾ?”