ಪಾರಣೆಯಿಲ್ಲದ ಉಪವಾಸ

ನಮ್ಮ ಬಸವನಗುಡಿಯಲ್ಲಿ ಹುಡುಗಿ ದಪ್ಪಗಿದ್ದರೆ ಹಿರಿಯರು ದಪ್ಪ ಅನ್ನುತ್ತಿರಲಿಲ್ಲ. "ಮೈಕೈ ತುಂಬ್ಕೊಂಡು ಲಕ್ಷಣವಾಗಿದಾಳೆ" ಅನ್ನುತ್ತಿದ್ದರು. ತೊಂಬತ್ತರ ದಶಕದಲ್ಲಿ ನಾನು ಪಿಯುಸಿ ಸೇರುವ ಹೊತ್ತಿಗೆ ಆ ಮಾತು ಕೇಳಿದರೇ ಮೈ ಉರಿಯುತ್ತಿತ್ತು. ಟೀವಿ ತುಂಬಾ ಕಿರೀಟ ತೊಟ್ಟ ಕಡ್ಡಿಯಂಥ ಹುಡುಗಿಯರು. ನಾನೋ, ಅಜ್ಜಿ ಬಡಿಸಿದ ತುಪ್ಪಕ್ಕೆಲ್ಲ ಸಾಕ್ಷಿ.

ಊಟ ಬೇಡ ಅಂದರೆ ಮನೆಯಲ್ಲಿ ರಂಪವಾಗುತ್ತಿತ್ತು. ಉಪವಾಸ ಅಂದರೆ ಮಾತ್ರ ಯಾರೂ ತುಟಿಪಿಟಕ್ಕೆನ್ನುತ್ತಿರಲಿಲ್ಲ. ಇದು ಹೊಳೆದದ್ದೇ ತಡ, ನನಗೆ ಭಕ್ತಿ ಉಕ್ಕಿತು. ಸೋಮವಾರ ಶಿವನಿಗೆ, ಗುರುವಾರ ರಾಯರಿಗೆ, ಶನಿವಾರ ತಿಮ್ಮಪ್ಪನಿಗೆ, ಮೇಲೆ ಏಕಾದಶಿ. ಫಲಾಹಾರಕ್ಕೆಂದು ಕೊಟ್ಟ ಬಾಳೆಹಣ್ಣು ಬೀದಿ ಹಸುವಿನ ಪಾಲು. "ಈ ವಯಸ್ಸಲ್ಲೇ ಎಂಥಾ ನಿಷ್ಠೆ ನೋಡಿ" ಎಂದು ಪಕ್ಕದ ಮನೆಯಾಕೆ ಊರಿಗೆಲ್ಲ ಸಾರಿದರು. ತೆಳ್ಳಗಾಗಲು ಊಟ ಬಿಡುವ ಪರದೇಶದ ಹುಡುಗಿಯರ ಬಗ್ಗೆ ಕಾಲೇಜು ಲೈಬ್ರರಿಯ ಇಂಗ್ಲಿಷ್ ಪತ್ರಿಕೆಯಲ್ಲಿ ಓದಿ, ಅಯ್ಯೋ ಪಾಪ ಅಂದುಕೊಂಡಿದ್ದೆ. ಅದು ಬಿಳಿಯರ ಕಾಯಿಲೆ, ನನ್ನದು ವ್ರತ! ಮೆಟ್ಟಿಲು ಹತ್ತಿದರೆ ಕಣ್ಣು ಕತ್ತಲಿಡುತ್ತಿತ್ತು, ತಲೆ ಬಾಚಿದರೆ ಕೂದಲು ಕೈಗೆ ಬರುತ್ತಿತ್ತು. ಹೊಗಳಿಕೆ ಮಾತ್ರ ನಿಲ್ಲಲಿಲ್ಲ.

ಸಿಕ್ಕಿಬಿದ್ದದ್ದು ಒಂದು ದ್ವಾದಶಿ ಬೆಳಿಗ್ಗೆ. ಏಕಾದಶಿ ಉಪವಾಸ ಮಾಡಿದವರು ಮರುದಿನ ಹೊತ್ತು ಮೀರುವುದರೊಳಗೆ ಉಂಡು ಪಾರಣೆ ಮಾಡಬೇಕು; ಇಲ್ಲವಾದರೆ ಪುಣ್ಯವೆಲ್ಲ ನೀರುಪಾಲು. ಜನ್ಮದಲ್ಲಿ ಏಕಾದಶಿ ತಪ್ಪಿಸದ ಅಜ್ಜಿ ಇಬ್ಬರಿಗೂ ಎಲೆ ಹಾಕಿ ಕರೆದರು. "ಇವತ್ತೂ ಉಪವಾಸ ಅಜ್ಜಿ" ಅಂದೆ.

ಅಜ್ಜಿ ಎತ್ತಿದ ತುತ್ತನ್ನು ಎಲೆಗೆ ಹಾಕಿದರು. "ಉಪವಾಸ ಕೇಳೋ ದೇವರು ಪಾರಣೆನೂ ಕೇಳ್ತಾನೆ ಕಣೇ. ಬೇಡ ಅಂದಿದ್ದು ಯಾವ ದೇವರು? ಕನ್ನಡಿ ಒಳಗಿರೋನಾ?"

ನಾನು ಎಲೆಯನ್ನು ಪಕ್ಕಕ್ಕೆ ಸರಿಸಿದೆ.

"ನೀನು ತಿನ್ನೋವರೆಗೂ ನನಗೂ ಬೇಡ" ಎಂದು ಕೈಕಟ್ಟಿ ಕೂತರು. ಪಾರಣೆಯ ಹೊತ್ತು ಮೀರುತ್ತಿತ್ತು. ಆ ಹಟಮಾರಿ ಮುದುಕಿಯ ಮೇಲೆ ಸಿಟ್ಟೂ ಬಂತು, ಹೇಳಲಾರದಷ್ಟು ಪ್ರೀತಿಯೂ ಬಂತು. "ತಿಂದ್ರೆ ದಪ್ಪ ಆಗ್ಬಿಡ್ತೀನಿ ಅಜ್ಜಿ, ಭಯ ಆಗತ್ತೆ" ಎಂದು ಗೊಳೋ ಅಂತ ಅತ್ತೆ. ಅಜ್ಜಿ ಬೈಯಲಿಲ್ಲ, ನಗಲೂ ಇಲ್ಲ. ಅನ್ನ ಕಲಸಿ ಬಾಯಿಗಿಟ್ಟರು. ನುಂಗಲು ಬಹಳ ಹೊತ್ತು ಹಿಡಿಯಿತು. ಕಾದರು.

ಆಮೇಲೆ ಹೇಳಿದರು: "ಇನ್ಮೇಲೆ ನಿನಗೆ ಯಾವ ಉಪವಾಸನೂ ಇಲ್ಲ. ಪಾಪ ಬಂದ್ರೆ ನನಗೆ ಬರಲಿ."

ಏಕಾದಶಿಯಂದು ನಮ್ಮ ಮನೆಯಲ್ಲಿ ಒಲೆಯ ಮೇಲೆ ಅಕ್ಕಿ ಏರಿದ್ದನ್ನು ನಾನು ನೋಡಿರಲೇ ಇಲ್ಲ. ಮುಂದಿನ ಏಕಾದಶಿಗೆ ಅಜ್ಜಿ, ತಾವು ತೊಟ್ಟು ನೀರೂ ಮುಟ್ಟದೆ, ಮಡಿಯುಟ್ಟು ನನಗೊಬ್ಬಳಿಗೇ ಅನ್ನ ಮಾಡಿದರು.