ಮರಾಠಿ ಒಂದು

ನಮ್ಮ ಸರ್ ಅವರ ಬಲಗೈ ತೋರುಬೆರಳಿನ ಗೆಣ್ಣು ಜಡ್ಡುಗಟ್ಟಿತ್ತು. ಕುಂಬಾರರ ಬೆರಳಲ್ಲ, ಕಾಲೇಜು ಪ್ರಾಧ್ಯಾಪಕರದು. ಖಾನಾಪುರದ ಅವರ ಮನೆ ಪಕ್ಕದಲ್ಲೇ ಕುಂಬಾರರ ಆವಿಗೆ. ಸುಟ್ಟು ಹೊರಬಂದ ಗಡಿಗೆ, ಹೆಂಚುಗಳನ್ನೆಲ್ಲ ಆ ಗೆಣ್ಣಿನಿಂದ ಬಾರಿಸಿ ಕಿವಿಗೊಟ್ಟು ಕೇಳುತ್ತಿದ್ದರು. "ಗಟ್ಟಿ ಐತಿ, ಒಡದಿಲ್ಲ" ಎಂದರೆ ಮುಗಿಯಿತು, ಕುಂಬಾರನೂ ಎದುರಾಡುತ್ತಿರಲಿಲ್ಲ.

ಎಂಬತ್ತನೇ ಇಸವಿಯ ಆಸುಪಾಸು. ನಾನು ಬೆಳಗಾವಿಯ ಕಾಲೇಜಿನಲ್ಲಿ ಅವರ ಸಂಶೋಧನೆಗೆ ಸಹಾಯಕಿ. ಗಡಿಗೆ, ಹೆಂಚು, ಗುಮ್ಮಟ, ಬಾಗಿದ ಚಿಪ್ಪು ಯಾವುದೇ ಇರಲಿ, ಹೊರೆ ಬಿದ್ದರೆ ಎಷ್ಟು ಮಣಿಯುತ್ತದೆ, ಹೊರೆ ಇಳಿದರೆ ಹೇಗೆ ಮೊದಲಿನಂತಾಗುತ್ತದೆ ಎಂದು ಹೇಳುವ ಒಂದೇ ಸಿದ್ಧಾಂತ ಕಟ್ಟಬೇಕೆಂಬುದು ಅವರ ಹನ್ನೆರಡು ವರ್ಷದ ಹುಚ್ಚು. ಖಾನಾಪುರದಿಂದ ಅವರು ಬರುವ ಬೆಳಗಿನ ರೈಲು ದೇಸೂರ ನಿಲ್ದಾಣ ಮುಟ್ಟುವಷ್ಟರಲ್ಲಿ ಎರಡು ಹಾಳೆ ತುಂಬಿರುತ್ತಿದ್ದವು. ಆ ಕುಲುಕಾಟದ ಬರಹವನ್ನು ಶುದ್ಧಪ್ರತಿ ಮಾಡುವುದು ನನ್ನ ಕೆಲಸ.

ಕೊನೆಗೆ ಸಿದ್ಧಾಂತವನ್ನು ಸರಳವಾದ ಗೋಳಕ್ಕೆ ಹಚ್ಚಿ ನೋಡಿದರು. ಎಲ್ಲರಿಗೂ ಗೊತ್ತಿದ್ದ ಉತ್ತರವೇ ಬರಬೇಕಿತ್ತು, ಬರಲಿಲ್ಲ. ನನ್ನ ಶುದ್ಧಪ್ರತಿ ಹಿಡಿದು ಆರು ತಿಂಗಳು ತಪ್ಪು ಹುಡುಕಿದರು. ಗಡಿಗೆ ಬಾರಿಸುವುದನ್ನೂ ಬಿಟ್ಟರು. ಒಂದು ದಿನ, "ಬುಡದಾಗ ಸೀಳೈತಿ, ತಂಗಿ. ಸಾಕಿನ್ನ" ಎಂದು ಹಾಳೆಗಳನ್ನೆಲ್ಲ ಹಳೇ ಧೋತರದಲ್ಲಿ ಗಂಟುಕಟ್ಟಿ ಅಟ್ಟಕ್ಕೆ ಹಾಕಿದರು.

ಆ ವಾರವೇ ನಾನು ರವಿವಾರ ಪೇಟೆಯಲ್ಲಿ ಅಂಗಡಿಯವನ ಜೊತೆ ಜಗಳಕ್ಕೆ ನಿಂತೆ. ಒಂದು ಕಿಲೋ ಬೆಲ್ಲ ಕೇಳಿದರೆ ಚೀಟಿಯಲ್ಲಿ ಒಂಬತ್ತು ಬರೆದಿದ್ದಾನೆ!

"ಒಂಬತ್ತ ಎಲ್ಲೈತ್ರಿ ಅಕ್ಕಾರ? ಅದು ಮರಾಠಿ ಒಂದು" ಎಂದು ಅವನು ನಕ್ಕ.

ಮರಾಠಿಯ ಒಂದು ನೋಡಲು ಥೇಟ್ ನಮ್ಮ ಒಂಬತ್ತು. ನನಗೆ ನಗು ಬರಲಿಲ್ಲ. ನಮ್ಮ ಸರ್ ಕಲಿತದ್ದು ಮರಾಠಿ ಶಾಲೆಯಲ್ಲಿ. ಕನ್ನಡ ಬರೀ ಮಾತಿಗೆ, ಬರೆಯಲು ಬಾರದು. ಅಂಕಿಗಳನ್ನು ಇಂಗ್ಲಿಷಿನಲ್ಲೇ ಬರೆಯುತ್ತಿದ್ದರು, ಆದರೆ ಲೆಕ್ಕ ರಂಗೇರಿದಾಗ ಕೈ ಬಾಲ್ಯದ ಮರಾಠಿ ಅಂಕಿಗೆ ಹೊರಳುತ್ತಿತ್ತು. ಗದಗಿನ ಕಡೆಯವಳಾಗಿ ಮರಾಠಿ ಓದಲು ಬಾರದ ನನ್ನಂಥ ಶಾಣ್ಯಾಳಿಗೆ ಅದು ಹೊಳೆದಿರಲೇ ಇಲ್ಲ. ಬೆಲ್ಲ ಅಲ್ಲೇ ಬಿಟ್ಟು ಖಾನಾಪುರದ ಬಸ್ಸು ಹತ್ತಿದೆ.

"ಸರ್, ತಪ್ಪು ಸಿದ್ಧಾಂತದ್ದಲ್ರಿ, ನಂದು" ಎಂದು ಅವರ ಮನೆ ಬಾಗಿಲಲ್ಲೇ ಹೇಳಿಬಿಟ್ಟೆ.

ಗಂಟು ಕೆಳಗಿಳಿಯಿತು. ನಲವತ್ತನೆಯ ಹಾಳೆಯಲ್ಲಿ ಸಿಕ್ಕಿತು: ಅವರ ಒಂದು, ನನ್ನ ಒಂಬತ್ತು. ತಿದ್ದಿ ಗೋಳದ ಲೆಕ್ಕ ಮತ್ತೆ ಮಾಡಿದರು, ಉತ್ತರ ಕೂಡಿತು. ನಾನು ಬೈಗುಳಕ್ಕೆ ತಲೆ ತಗ್ಗಿಸಿ ನಿಂತಿದ್ದೆ. ಅವರು ಹಾಳೆಗಳ ಕಟ್ಟನ್ನು ಗೆಣ್ಣಿನಿಂದ ಎರಡು ಸಲ ಬಾರಿಸಿ, ಕಿವಿಗೊಟ್ಟು ಕೇಳಿದರು.

"ಗಟ್ಟಿ ಐತಿ, ತಂಗಿ. ಒಡದಿಲ್ಲ. ಕುಂದರು, ಚಾ ಕುಡದ ಹೋಗು."

ಆರು ತಿಂಗಳ ಸಂಕಟಕ್ಕೆ ಅಷ್ಟೇ ಮಾತು. ಅವರು ಬೈದಿದ್ದರೆ ನಾನು ಇಷ್ಟು ವರ್ಷ ನೆನೆಯುತ್ತಿರಲಿಲ್ಲವೇನೋ.

ಸಿದ್ಧಾಂತ ಅಚ್ಚಾಯಿತು. ಕೆಲವೇ ವರ್ಷಗಳಲ್ಲಿ ಅವರು ತೀರಿಕೊಂಡರು. "ನಿಮಗ ಕೊಡಂತ ಹೇಳಿದ್ರು" ಎಂದು ಅವರ ಮನೆಯವರು ಕೊನೆಯ ನೋಟುಬುಕ್ಕುಗಳನ್ನು ನನ್ನ ಕೈಗಿಟ್ಟರು. ತೆರೆದು ನೋಡಿದೆ. ಕೈಯ ಹಳೇ ಚಾಳಿ ಹೋಗಿರಲಿಲ್ಲ. ಆದರೆ ಪ್ರತಿಯೊಂದು ಮರಾಠಿ ಒಂದರ ಕೆಳಗೂ, ಒಂದನೆಯ ಇಯತ್ತೆಯ ಮಕ್ಕಳು ಬರೆದಂಥ ಸೊಟ್ಟ ಕನ್ನಡದಲ್ಲಿ, "ಒಂದು" ಎಂದು ಬರೆದಿದ್ದರು.