ಜ್ವರದ ದಿನದ ಮ್ಯಾಟ್ನಿ

ಕನಕಪುರದಿಂದ ರಾಮನಗರಕ್ಕೆ ಹೋಗುವ ರಸ್ತೆಯಲ್ಲಿ, ಅತ್ತಿಮರದದೊಡ್ಡಿಯ ತಿರುವಿನಲ್ಲಿ ಚಂದ್ರವಿಲಾಸ ಟಾಕೀಸು ಕಟ್ಟಿಸಿದವರು ಬೆಂಗಳೂರಿನ ನಂಜುಂಡಯ್ಯನವರು. ಅದರೊಳಗೆ ಜನ ತುಂಬಿಸಿದವಳು ಪುಟ್ಟಲಕ್ಷ್ಮಮ್ಮ.

ಅವಳು ಹುಟ್ಟಿದ್ದು ಅದೇ ದೊಡ್ಡಿಯಲ್ಲಿ, ಕುರಿ ಸಾಕುವವರ ಮನೆಯಲ್ಲಿ. ಆ ಸೀಮೆಯಲ್ಲಿ ಪುಟ್ಟ ಹಳ್ಳಿಗೆ ದೊಡ್ಡಿ ಎನ್ನುತ್ತಾರೆ. ಎಂಟು ವರ್ಷದವಳಿದ್ದಾಗಲೇ ಸಂಜೆ ಹಟ್ಟಿಯ ಬಾಗಿಲಲ್ಲಿ ನಿಂತು, ಒಳಗೆ ನುಗ್ಗುವ ಕುರಿಗಳನ್ನು ಜೋಡಿ ಜೋಡಿಯಾಗಿ ಎಣಿಸುತ್ತಿದ್ದಳು. ಲೆಕ್ಕ ಒಮ್ಮೆಯೂ ತಪ್ಪುತ್ತಿರಲಿಲ್ಲ. ಹದಿನೆಂಟಕ್ಕೆ ಚೆಲುವಯ್ಯನ ಕೈಹಿಡಿದು ಬೆಂಗಳೂರು ಸೇರಿದಳು. ಚೆಲುವಯ್ಯ ಮೆಜೆಸ್ಟಿಕ್ಕಿನ ಹತ್ತಿರ ನಂಜುಂಡಯ್ಯನವರ ಟಾಕೀಸಿನಲ್ಲಿ ಮಷೀನ್ ಆಪರೇಟರು. ಅಲ್ಲಿ ಹೆಂಗಸರ ಗೇಟು ಕಾಯುತ್ತಿದ್ದಾಕೆ ಬಾಣಂತನಕ್ಕೆ ಹೋದಾಗ, ಒಂದು ತಿಂಗಳ ಮಟ್ಟಿಗೆಂದು ಪುಟ್ಟಲಕ್ಷ್ಮಮ್ಮನನ್ನು ನಿಲ್ಲಿಸಿದರು. ಅವಳು ಹದಿನೈದು ವರ್ಷ ನಿಂತಳು.

ಆ ಟಾಕೀಸಿನ ಕತೆಯನ್ನು ನಂಜುಂಡಯ್ಯನವರು ಬಿಡುವಾದಾಗಲೆಲ್ಲ ಹೇಳುತ್ತಿದ್ದರು. ಅವರ ತಂದೆ ಶುರುಮಾಡಿದ್ದು ಬಯಲಿನಲ್ಲಿ ಹಾಕಿದ ಒಂದು ಡೇರೆಯಿಂದ. ಕೈಯಲ್ಲಿ ತಿರುಗಿಸುವ ಮಷೀನು, ಮಾತಿಲ್ಲದ ಚಿತ್ರ. ಪರದೆಯ ಪಕ್ಕ ಒಬ್ಬ ಬೆತ್ತ ಹಿಡಿದು ನಿಂತು, ಯಾರು ಯಾರ ಮೇಲೆ ಸಿಟ್ಟಾಗಿದ್ದಾರೆಂದು ಕೂಗಿ ಹೇಳುತ್ತಿದ್ದ. ಹೆಂಗಸರು ಒಂದು ಪಕ್ಕಕ್ಕೆ ಕಟ್ಟಿದ ಪರದೆಯ ಹಿಂದೆ. ಆಮೇಲೆ ಡೇರೆಯ ಜಾಗಕ್ಕೆ ತಗಡು ಬಂತು, ತಗಡಿನ ಜಾಗಕ್ಕೆ ಗಾರೆ ಗೋಡೆ. ಚಿತ್ರಕ್ಕೆ ಮಾತು ಬಂತು. ಬೆತ್ತದವನು ಕೆಲಸ ಕಳಕೊಂಡು ಬಾಗಿಲಲ್ಲಿ ಟಿಕೆಟ್ ಹರಿಯಲು ನಿಂತ. ಬಾಲ್ಕನಿ ಎದ್ದಿತು. ಒಂದರ ಪಕ್ಕ ಒಂದು ಟಾಕೀಸು ಎದ್ದು, ಎಲ್ಲ ಕಡೆ ಒಟ್ಟಿಗೆ ಆಟ ಬಿಟ್ಟರೆ ಕೆಂಪೇಗೌಡ ರಸ್ತೆಯಲ್ಲಿ ಬಸ್ಸು ಕದಲದಂತಾಯಿತು. ಪುಟ್ಟಲಕ್ಷ್ಮಮ್ಮ ಬರುವ ಹೊತ್ತಿಗೆ ಹೆಂಗಸರ ಪರದೆ ಹೋಗಿತ್ತು. ಬೇರೆ ಬಾಗಿಲು ಮಾತ್ರ ಉಳಿದಿತ್ತು.

ಆ ಬಾಗಿಲಲ್ಲಿ ನಿಂತು ಅವಳು ಕಂಡುಕೊಂಡದ್ದು ಇನ್ನೊಂದು ಚರಿತ್ರೆ. ಮ್ಯಾಟ್ನಿ ಯಾಕೆ ಮೂರು ಗಂಟೆಗೆ? ಬಟ್ಟೆ ಗಿರಣಿಯ ಮೊದಲ ಪಾಳಿಯ ಸೈರನ್ನು ಎರಡೂವರೆಗೆ ಕೂಗುತ್ತಿತ್ತು. ಬೆಳಗಿನ ಆಟಕ್ಕೆ ಹೂವಿನ ವಾಸನೆ ಯಾಕೆ? ಮಾರ್ಕೆಟ್ಟಿನಲ್ಲಿ ಮಾರಿ ಮುಗಿಸಿದ ಹೆಂಗಸರು ಖಾಲಿ ಬುಟ್ಟಿ ಕಂಕುಳಲ್ಲಿಟ್ಟುಕೊಂಡು ನೇರ ಬರುತ್ತಿದ್ದರು. ಪಟ್ಟಣದ ದುಡಿಮೆ ಎಲ್ಲಿ ಉಸಿರು ಬಿಡುತ್ತಿತ್ತೋ ಅಲ್ಲಿ ಒಂದು ಆಟ ಶುರುವಾಗುತ್ತಿತ್ತು.

"ಪಿಚ್ಚರ್ ಚೆನ್ನಾಗಿದ್ರೆ ಜನ ಬತ್ತಾರೆ ಅಂತೀರಲ್ಲ, ಸುಳ್ಳು," ಎಂದು ಗಂಡನಿಗೆ ಹೇಳುತ್ತಿದ್ದಳು. "ಬಿಡುವಿದ್ರೆ ಬತ್ತಾರೆ."

"ಹಂಗಾದ್ರೆ ನಾನು ಮೇಲೆ ಕುಂತು ಕಾರ್ಬನ್ ಕಡ್ಡಿ ಉರ್ಸಿ ಪರದೆಗೆ ಬೆಳಕು ಬಿಡೋದು ದಂಡವಾ ಅಮ್ಮಿ?"

"ಉರ್ಸಿ, ಉರ್ಸಿ. ಬಿಡುವಾಗಿ ಬಂದೋರು ಕತ್ತಲೇಲಿ ನಿಮ್ ಮಕ ನೋಡ್ಕಂಡ್ ಕೂರಕ್ಕಾಯ್ತದಾ?"

ಅಷ್ಟರಲ್ಲಿ ಅವಳ ಸೀಮೆಗೆ ರೇಷ್ಮೆಯ ಕಾಲ ಬಂತು. ರಾಗಿ ಹೊಲಗಳು ಒಂದೊಂದಾಗಿ ಹಿಪ್ಪುನೇರಳೆ ತೋಟಗಳಾದವು. ಗೂಡಿಗೆ ಬೆಲೆ ಏರಿತು. ಹೆಂಚಿನ ಮನೆಗಳಿಗೆ ತಾರಸಿ ಬಿತ್ತು, ಕುರಿ ಕಾಯುತ್ತಿದ್ದವರ ಅಂಗಳದಲ್ಲಿ ಮೋಟಾರ್‌ಸೈಕಲ್ ನಿಂತಿತು. ಮದುವೆಯೊಂದಕ್ಕೆ ಆ ಕಡೆ ಹೋಗಿ ಬಂದ ನಂಜುಂಡಯ್ಯನವರು ಪುಟ್ಟಲಕ್ಷ್ಮಮ್ಮನನ್ನು ಕರೆದರು.

"ನಿಮ್ಮೂರಲ್ಲಿ ಒಂದು ಟಾಕೀಸು ಹಾಕಿದ್ರೆ ಜನ ಬರ್ತಾರೇನಮ್ಮಾ?"

"ಬತ್ತಾರೆ ಯಜಮಾನ್ರೇ. ನಾನು ಗ್ಯಾರಂಟಿ."

ಆ ಮಾತಿನ ಮೇಲೆ ಗೋಡೆ ಎದ್ದಿತು. ಚೆಲುವಯ್ಯ ಮಷೀನಿಗೆ, ಪುಟ್ಟಲಕ್ಷ್ಮಮ್ಮ ಮಿಕ್ಕ ಎಲ್ಲದಕ್ಕೆ.

ಆರು ವಾರ ಕುರ್ಚಿಗಳು ಖಾಲಿ. ಬೆಂಗಳೂರಿನಲ್ಲಿ ನೂರು ದಿನ ಓಡಿದ ಚಿತ್ರವನ್ನು ಶುಕ್ರವಾರಕ್ಕೆ ಸರಿಯಾಗಿ ತಂದು ಹಾಕಿದರೂ, ಐನೂರು ಜನ ಕೂರುವಲ್ಲಿ ಇಪ್ಪತ್ತು ಜನ. ಅವರಲ್ಲೂ ಅರ್ಧ ಜನ ಬಸ್ಸು ತಪ್ಪಿಸಿಕೊಂಡವರು. ನಂಜುಂಡಯ್ಯನವರು ಹೇಳಿಕಳಿಸಿದರು: ತಿಂಗಳ ಕೊನೆಗೆ ಲಾರಿ ಬರುತ್ತದೆ, ಮಷೀನು, ಪರದೆ, ಕುರ್ಚಿ ಎಲ್ಲ ವಾಪಸ್ಸು.

ಪುಟ್ಟಲಕ್ಷ್ಮಮ್ಮನಿಗೆ ಕೆಲಸದ ಚಿಂತೆ ಇರಲಿಲ್ಲ. ಬೆಂಗಳೂರಿನ ಗೇಟು ಅವಳನ್ನು ಯಾವಾಗ ಬೇಕಾದರೂ ಕರೆಯುತ್ತಿತ್ತು. ಆದರೆ ತನ್ನೂರ ಹೆಂಗಸರು ಕುರ್ಚಿಗೆ ಒರಗಿ, ಯಾರ ಕೂಗಿಗೂ ಏಳದೆ ಮೂರು ಗಂಟೆ ಕೂರುವುದನ್ನು ಒಮ್ಮೆ ಕಣ್ಣಾರೆ ನೋಡಬೇಕೆಂದು ಆ ಹದಿನೈದು ವರ್ಷವೂ ಬಯಸಿದ್ದಳು. ಅದಕ್ಕೇ ಅಷ್ಟು ಗಟ್ಟಿಯಾಗಿ ಮಾತು ಕೊಟ್ಟಿದ್ದಳು.

ತಮ್ಮ ಮಂಚಯ್ಯನ ಮನೆಗೆ ಹೋಗಿ ಜಗಳಕ್ಕೇ ನಿಂತಳು.

"ಏನ್ಲಾ ಮಂಚ, ಅಕ್ಕನ ಟಾಕೀಸು ಮನೆ ಮುಂದಕ್ಕೆ ಬಂದೈತೆ. ನಿನ್ ಕಾಲ್ಗೇನು ಹಗ್ಗ ಕಟ್ಟವ್ರಾ?"

ಸೊಪ್ಪಿನ ಹೊರೆ ಬಿಚ್ಚುತ್ತಿದ್ದ ಮಂಚಯ್ಯ ನಕ್ಕ. "ಕಟ್ಟವ್ರೆ ಕಣಕ್ಕಯ್ಯ. ಕಾಲ್ ತೊಳ್ಕಂಡು ಒಳೀಕೆ ಬಾ, ಕಟ್ಟಿರೋರ್ನ ತೋರಿಸ್ತೀನಿ."

ಅವಳು ಚಪ್ಪಲಿ ಬಿಟ್ಟು ಕಾಲು ತೊಳೆದು ಒಳಗೆ ಹೋದಳು. ಹುಳುಮನೆಯ ಶಿಸ್ತು ಅದು. ಅಟ್ಟಣೆಯ ಮೇಲೆ ಸಾಲು ಸಾಲು ತಟ್ಟೆಗಳು, ತಟ್ಟೆ ತುಂಬ ಬಿಳಿ ರೇಷ್ಮೆಹುಳು. ಒಣ ರಾಗಿಹುಲ್ಲಿನ ಮೇಲೆ ಯಾರೋ ಮೆಲ್ಲಗೆ ನಡೆದಂಥ ಸದ್ದು: ಹುಳು ಸೊಪ್ಪು ಮೇಯುವ ಸದ್ದು.

"ಇವು ಬಾಯಿ ಮುಚ್ಚೋಗಂಟ ನಾವು ಹೊಸಲು ದಾಟಂಗಿಲ್ಲ. ನಿನ್ ಸುಕ್ರವಾರ ಇವ್ಕೆ ಗೊತ್ತಾ?"

"ಯಾವಾಗ್ಲಾ ಮುಚ್ತವೆ?"

"ಜ್ವರಕ್ಕೆ ಕುಂತಾಗ. ನೀನು ಕುರಿಮನೆ ಹುಡ್ಗಿ, ಬೆಂಗ್ಳೂರ್ ಸೇರ್ಕಂಬುಟ್ಟೆ. ನಿಂಗೆಲ್ಲಿ ತಿಳೀತದೆ?"

ಅವಳಿಗೆ ನಿಜಕ್ಕೂ ತಿಳಿದಿರಲಿಲ್ಲ. ಹುಳು ಗೂಡು ಕಟ್ಟುವ ಮೊದಲು ನಾಲ್ಕು ಸಲ ಪೊರೆ ಬಿಡುತ್ತದೆ. ಪೊರೆ ಬಿಡುವ ಆ ಒಂದು ದಿನವನ್ನು ಊರವರು ಜ್ವರ ಎನ್ನುತ್ತಾರೆ. ಆಗ ಹುಳು ತಲೆ ಎತ್ತಿ, ತಿನ್ನದೆ, ಕದಲದೆ ಕೂರುತ್ತದೆ. ಯಾರೂ ಸೊಪ್ಪು ಹಾಕುವುದಿಲ್ಲ, ತಟ್ಟೆ ಮುಟ್ಟುವುದಿಲ್ಲ. ತಿಂಗಳಲ್ಲಿ ಮನೆಯವರು ಬೆನ್ನು ನೆಟ್ಟಗೆ ಮಾಡುವುದು ಆ ನಾಲ್ಕು ದಿನ ಮಾತ್ರ.

ಪುಟ್ಟಲಕ್ಷ್ಮಮ್ಮ ತಟ್ಟೆಗಳ ನಡುವೆ ನಿಂತಲ್ಲೇ ನಿಂತಳು. ಗಿರಣಿಯ ಸೈರನ್ನು ಇಲ್ಲೂ ಇತ್ತು. ಸದ್ದಿಲ್ಲದೆ ಕೂಗುತ್ತಿತ್ತು, ಅಷ್ಟೆ.

ಮರುದಿನದಿಂದ ಅವಳು ದೊಡ್ಡಿ ದೊಡ್ಡಿ ತಿರುಗಿದಳು. ಒಂದು ಊರಿನ ಎಲ್ಲ ಮನೆಗಳಿಗೂ ಹುಳುವಿನ ಮೊಟ್ಟೆ ಒಂದೇ ದಿನ ಬರುತ್ತಿತ್ತು. ಹಾಗಾಗಿ ಊರಿಗೂರೇ ಹೆಚ್ಚುಕಡಿಮೆ ಒಟ್ಟಿಗೆ ಜ್ವರಕ್ಕೆ ಕೂರುತ್ತಿತ್ತು. ಏಳು ದೊಡ್ಡಿಗಳ ಹೆಸರು, ಮುಂದೆ ಜ್ವರದ ದಿನಗಳು: ಟಿಕೆಟ್ ಕೋಣೆಯ ಗೋಡೆ ತುಂಬ ಸೀಮೆಸುಣ್ಣದಲ್ಲಿ ಬರೆದಳು. ಬಂದು ನೋಡಿದ ನಂಜುಂಡಯ್ಯನವರು ಕನ್ನಡಕ ತೆಗೆದು ಒರೆಸಿಕೊಂಡರು.

"ಹುಳ ನೋಡ್ಕೊಂಡು ಆಟ ಹಾಕ್ಬೇಕಾ? ಗಾಂಧಿನಗರದಲ್ಲಿ ಹೇಳಿದ್ರೆ ನಗ್ತಾರಮ್ಮ."

"ಗಿರಣಿ ನೋಡ್ಕಂಡು ಹಾಕ್ದಾಗ ನಕ್ಕುದ್ರಾ ಯಜಮಾನ್ರೇ?"

ಅವರು ಕನ್ನಡಕ ಹಾಕಿಕೊಂಡು ಗೋಡೆಯನ್ನು ಇನ್ನೊಮ್ಮೆ ಓದಿದರು. "ಒಂದೇ ಆಟ. ಗುರುವಾರ ಮ್ಯಾಟ್ನಿ. ಲಾರಿಗೆ ಹೇಳಾಗಿದೆ, ಅವತ್ತೇ ಬರುತ್ತೆ. ತುಂಬಿದ್ರೆ ಖಾಲಿ ಹೋಗುತ್ತೆ. ಇಲ್ದಿದ್ರೆ ಮಷೀನ್ ಹೇರ್ಕೊಂಡು ಹೋಗುತ್ತೆ."

ಗುರುವಾರ ಅತ್ತಿಮರದದೊಡ್ಡಿ ಮತ್ತು ಪಕ್ಕದ ಎರಡು ದೊಡ್ಡಿಗಳಿಗೆ ನಾಲ್ಕನೇ ಜ್ವರ. ಬುಧವಾರ ಚೆಲುವಯ್ಯ ತಗಡಿನ ಕೊಳವೆ ಹಿಡಿದು ಎತ್ತಿನಗಾಡಿ ಹತ್ತಿದ. "ಕೇಳ್ರಪ್ಪೋ! ನಾಳೆ ನಿಮ್ ಹುಳಕ್ಕೆ ಜ್ವರ, ನಿಮ್ಗೆ ರಜ! ಮೂರು ಗಂಟೆಗೆ ಚಂದ್ರವಿಲಾಸದಲ್ಲಿ ಪಿಚ್ಚರು! ಸೊಪ್ಪು ತರಂಗಿಲ್ಲ, ತಟ್ಟೆ ಎತ್ತಂಗಿಲ್ಲ, ಕುಂತ್ಕಂಡು ನೋಡದಷ್ಟೇ!"

ಗುರುವಾರ ಮೂರು ಗಂಟೆ. ಅಂಗಳದಲ್ಲಿ ಲಾರಿ ನಿಂತಿತ್ತು. ಹಮಾಲಿಗಳು ನೆರಳಲ್ಲಿ ಟೀ ಕುಡಿಯುತ್ತಿದ್ದರು. ರಸ್ತೆಯಲ್ಲಿ ಒಂದು ನರಪಿಳ್ಳೆಯಿಲ್ಲ.

"ಬೆಲ್ ಹೊಡಿಯಮ್ಮ," ಎಂದರು ನಂಜುಂಡಯ್ಯನವರು. "ನಮ್ಮಪ್ಪ ಡೇರೆ ಹಾಕಿದಾಗಿಂದ ಒಂದಾಟಾನೂ ಒಂದು ನಿಮಿಷ ತಡವಾಗಿಲ್ಲ."

ಪುಟ್ಟಲಕ್ಷ್ಮಮ್ಮ ಬೆಲ್ಲಿನ ಸುತ್ತಿಗೆಯನ್ನು ಕೈಗೆ ತೆಗೆದುಕೊಂಡಳು. ಹೊಡೆಯಲಿಲ್ಲ. ಬೆಳಗಿನಿಂದ ಬೀಸುತ್ತಿದ್ದ ತಣ್ಣನೆ ಗಾಳಿ ಕುತ್ತಿಗೆಗೆ ತಾಗಿತು. ಮೋಡ ಕವಿದು ಎರಡು ದಿನವಾಗಿತ್ತು. ಸುತ್ತಿಗೆ ಹಿಡಿದುಕೊಂಡೇ ದೊಡ್ಡಿಯ ಕಡೆ ಓಡಿದಳು.

ಮಂಚಯ್ಯನ ಮನೆಯಲ್ಲಿ ಕಂಡದ್ದನ್ನು ಅವಳು ಬದುಕಿರುವವರೆಗೂ ನಗುತ್ತ ಹೇಳುತ್ತಿದ್ದಳು. ಹೆಂಗಸರೆಲ್ಲ ಕನಕಾಂಬರ ಮುಡಿದು, ಪೆಟ್ಟಿಗೆಯ ಸೀರೆ ಉಟ್ಟು, ಕೈ ತುಂಬ ಸೊಪ್ಪು ಹಿಡಿದು ತಟ್ಟೆಗಳ ಮುಂದೆ ನಿಂತಿದ್ದರು. ಅರ್ಧ ಹುಳು ತಲೆ ಎತ್ತಿ ಕೂತಿವೆ, ಅರ್ಧ ಇನ್ನೂ ಮೇಯುತ್ತಿವೆ.

"ಚಳಿಗೆ ಜ್ವರ ತಡ ಆಗ್ಬುಡ್ತು ಅಕ್ಕಯ್ಯ," ಎಂದ ಮಂಚಯ್ಯ. "ಊರೆಲ್ಲ ಹಿಂಗೇ ನಿಂತದೆ. ಇನ್ನೊಂದೇ ಒಂದು ಸಲ ಸೊಪ್ಪು ಹಾಕ್ಬೇಕು."

"ಎಷ್ಟೊತ್ಲಾ?"

"ಒಂದ್ ಗಂಟೆ."

ಅವಳು ವಾಪಸ್ಸು ಬರುವಾಗ ಹಮಾಲಿಗಳು ಮಷೀನ್ ಕೋಣೆಯ ಬಾಗಿಲು ಬಡಿಯುತ್ತಿದ್ದರು. ಮೇಲಿನ ಕಿಂಡಿಯಿಂದ ಚೆಲುವಯ್ಯನ ಮುಖ ಕಂಡಿತು.

"ಅಮ್ಮಿ, ಒಳಗಿಂದ ಅಗುಳಿ ಹಾಕ್ಕಂಡಿವ್ನಿ! ಊಟ ಒಂದು ಕಿಂಡೀಲಿ ಕೊಡ್ತಾ ಇದ್ರೆ ಒಂದು ವಾರ ಇರ್ತೀನಿ!"

"ಯಜಮಾನ್ರೇ," ಎಂದಳು ಅವಳು, ಏದುಸಿರು ಬಿಡುತ್ತ. "ಆಟ ನಾಲ್ಕೂವರೆಗೆ."

"ನನ್ನ ಟಾಕೀಸಿನಲ್ಲಿ ಹೊತ್ತು ನೀನು ಹೇಳ್ತೀಯಾ?"

"ನಾನಲ್ಲ, ಹುಳ ಹೇಳ್ತಾವೆ. ನಾಲ್ಕೂವರೆಗೂ ಜನ ಬರ್ನಿಲ್ಲ ಅಂದ್ರೆ ಮೊದಲ್ನೇ ಕುರ್ಚಿ ನಾನೇ ಹೊತ್ತು ಲಾರಿಗೆ ಹಾಕ್ತೀನಿ."

ನಂಜುಂಡಯ್ಯನವರು ಗಡಿಯಾರ ನೋಡಿದರು, ಅವಳ ಕೈಯ ಸುತ್ತಿಗೆ ನೋಡಿದರು. ಮೆಟ್ಟಿಲ ಮೇಲೆ ಕೂತರು.

ನಾಲ್ಕೂಕಾಲಿಗೆ ತಿರುವಿನಲ್ಲಿ ಮೊದಲು ಕಂಡದ್ದು ಕನಕಾಂಬರದ ಬಣ್ಣ. ಆಮೇಲೆ ಗಾಡಿಗಳು, ಮೋಟಾರ್‌ಸೈಕಲ್ಲುಗಳು, ಟ್ರೇಲರ್ ತುಂಬ ಜನ ಹೇರಿದ ಟ್ರ್ಯಾಕ್ಟರು. ಮುಂದೆ ಮಂಚಯ್ಯ, ಹೆಗಲ ಮೇಲೆ ಹೊಸ ಟವಲು. "ತಲೆ ಎತ್ಕಂಡು ಕುಂತ್ಕಂಡ್ವು ಅಕ್ಕಯ್ಯ, ಒಂದೂ ಬಿಡ್ದಂಗೆ!"

ಎಂಬತ್ತು ದಾಟಿದ ಮುನಿತಾಯಮ್ಮ ಮೆಟ್ಟಿಲ ಹತ್ತಿರ ಬಂದು, ಅಲ್ಲಿ ಕೂತಿದ್ದ ನಂಜುಂಡಯ್ಯನವರನ್ನು ಕೇಳಿದಳು: "ಮೆಟ್ಟು ಎಲ್ ಬುಡನಪ್ಪ? ಕಾಲ್ಗೆ ನೀರೆಲ್ಲೈತೆ?"

ಉತ್ತರಕ್ಕೆ ಕಾಯದೆ ಅವಳು ಮೆಟ್ಟು ಕಳಚಿ, ಕುಡಿಯುವ ನೀರಿನ ನಲ್ಲಿಯಲ್ಲಿ ಕಾಲು ತೊಳೆದಳು. ಹಿಂದಿನವರೂ ಹಾಗೇ ಮಾಡಿದರು. ಸದ್ದು ಮಾಡದೆ ಕೂರಬೇಕಾದ ಕತ್ತಲೆಯ ದೊಡ್ಡ ಕೋಣೆ ಎಂದರೆ ಅವರಿಗೆ ಗೊತ್ತಿದ್ದದ್ದು ಹುಳುಮನೆ ಒಂದೇ. ಬಾಗಿಲ ಎರಡೂ ಪಕ್ಕ ಚಪ್ಪಲಿಯ ಗುಡ್ಡೆ ಬೆಳೆಯಿತು. ಅಷ್ಟು ಜನ ಒದ್ದೆ ಕಾಲಲ್ಲಿ, ತಗ್ಗಿದ ದನಿಯಲ್ಲಿ, ಒಬ್ಬರ ಹಿಂದೊಬ್ಬರು ತಮ್ಮ ಟಾಕೀಸಿನೊಳಗೆ ಹೋಗುವುದನ್ನು ನಂಜುಂಡಯ್ಯನವರು ಎದ್ದು ನಿಂತು ನೋಡಿದರು. ಮೆಜೆಸ್ಟಿಕ್ಕಿನಲ್ಲಿ ಅವರಿಗೆ ನೂಕುನುಗ್ಗಲು ಸಿಕ್ಕಿತ್ತು. ಇಂಥ ಮರ್ಯಾದೆ ಸಿಕ್ಕಿರಲಿಲ್ಲ.

"ಪಕ್ಕದ ಎರಡು ದೊಡ್ಡಿಯೋರು ಇನ್ನೂ ಹಿಂದುಳ್ದವ್ರೆ," ಎಂದ ಮಂಚಯ್ಯ. "ವಯಸ್ಸಾದೋರು, ಮಕ್ಳೊಂದಿಗರು. ಗಾಡಿ ಸಾಲ್ನಿಲ್ಲ."

ನಂಜುಂಡಯ್ಯನವರು ಲಾರಿಯ ಡ್ರೈವರನ್ನು ಕೂಗಿದರು. "ಏಯ್, ಎದ್ದೇಳು. ಇವರು ತೋರ್ಸಿದ ಕಡೆ ಹೋಗಿ ಜನಾನ ಹತ್ತಿಸ್ಕೊಂಡು ಬಾ. ನಿಧಾನಕ್ಕೆ ಬಾ, ಹೆಣ್ಣುಮಕ್ಕಳಿರ್ತಾರೆ."

ಮಷೀನು ಹೇರಲು ಬಂದ ಲಾರಿ ಎರಡು ಸಲ ಓಡಾಡಿತು. ಕುರ್ಚಿಗಳು ತುಂಬಿದವು, ಬೆಂಚುಗಳು ತುಂಬಿದವು, ಪರದೆಯ ಮುಂದಿನ ನೆಲ ತುಂಬಿತು. ಹಮಾಲಿಗಳೂ ಒಳಗೆ ಹೋಗಿ ಕೂತರು. ಪುಟ್ಟಲಕ್ಷ್ಮಮ್ಮ ಬಾಗಿಲಲ್ಲಿ ನಿಂತು ಒಳಗೆ ನೋಡಿದಳು. ಮುನಿತಾಯಮ್ಮ ಕುರ್ಚಿಗೆ ಒರಗಿ, ಒದ್ದೆ ಪಾದಗಳನ್ನು ನೆಲ ಮುಟ್ಟಿಸದೆ ಮಗುವಿನಂತೆ ತೂಗುತ್ತಿದ್ದಳು. ಮಂಚಯ್ಯನ ಹೆಂಡತಿ ಎರಡೂ ಕೈಗಳನ್ನು ಮಡಿಲಲ್ಲಿಟ್ಟುಕೊಂಡು ಸುಮ್ಮನೆ ಕೂತಿದ್ದಳು. ಮದುವೆಯಾಗಿ ಬಂದ ಮೇಲೆ ಅವಳ ಕೈಗಳು ಖಾಲಿ ಇದ್ದದ್ದನ್ನು ಪುಟ್ಟಲಕ್ಷ್ಮಮ್ಮ ಅದೇ ಮೊದಲು ನೋಡಿದ್ದು.

ಕಿಂಡಿಯಿಂದ ಚೆಲುವಯ್ಯ ಕೇಳಿದ: "ಈಗ್ಲಾದ್ರೂ ಕಡ್ಡಿ ಉರಿಸ್ಲಾ ಅಮ್ಮಿ?"

ನಂಜುಂಡಯ್ಯನವರು ಅವಳ ಪಕ್ಕ ಬಂದು ನಿಂತರು. ಅವರೂ ಬರಿಗಾಲಲ್ಲಿದ್ದರು.

"ಮುಂದಿನ ಜ್ವರ ಯಾವೂರಿಗಮ್ಮ?"

"ಸೋಮವಾರ, ಕೆರೆಮೇಗಳದೊಡ್ಡಿಗೆ. ಬಿಸಿಲು ಬಿದ್ರೆ ಬೆಳಗ್ಗೇನೇ."

"ಹಾಗಾದ್ರೆ ಬೆಳಗಿನ ಆಟಾನೇ ಇಟ್ಕೊಳೋಣ," ಎಂದರು ಅವರು. "ಬೆಲ್ ಹೊಡಿ."

ಅವಳು ಸುತ್ತಿಗೆ ಎತ್ತಿ, ದೊಡ್ಡಿಗಳಿಗೆಲ್ಲ ಕೇಳುವ ಹಾಗೆ ಹೊಡೆದಳು.